ವಿಮಾನನಿಲ್ದಾಣಗಳ ನಿಬಿಡತೆಯನ್ನು ಅಳೆಯುವ ಬಗೆ

ಜಗತ್ತಿನ ವಿಮಾನನಿಲ್ದಾಣಗಳಲ್ಲಿ ಅತ್ಯಂತ ನಿಬಿಡವಾದುದು ಯಾವುದೆಂಬ ಪ್ರಶ್ನೆಗೆ ಪ್ರತಿವರ್ಷವೂ ಪಟ್ಟಿಯೊಂದು ಉತ್ತರವಾಗಿ ಹೊರಬೀಳುತ್ತದೆ. 2024ರಲ್ಲಿ ಅಮೆರಿಕದ ಅಟ್ಲಾಂಟ ಸುಮಾರು 10 ಕೋಟಿ 81 ಲಕ್ಷ ಪ್ರಯಾಣಿಕರೊಡನೆ ಮೊದಲನೆಯದು; 9 ಕೋಟಿ 23 ಲಕ್ಷದ ದುಬೈ ಎರಡನೆಯದು. ಆದರೆ ಅಟ್ಲಾಂಟದ ಪ್ರಯಾಣಿಕರಲ್ಲಿ ಬಹುಪಾಲಿನವರು ಸ್ವದೇಶದೊಳಗೇ ಸಂಚರಿಸುವವರು. ದುಬೈಯಲ್ಲಾದರೋ ಹೆಚ್ಚುಕಡಮೆ ಎಲ್ಲರೂ ದೇಶ ದಾಟುವವರೇ. ಆದಕಾರಣ ಅಂತರರಾಷ್ಟ್ರೀಯ ಪ್ರಯಾಣಿಕರನ್ನಷ್ಟೇ ಎಣಿಸಿದಲ್ಲಿ ಅಗ್ರಸ್ಥಾನ ದುಬೈಯದಾಗುತ್ತದೆ. ಸರಕಿನ ತೂಕವನ್ನು ಹಿಡಿದರೆ ಅದೇ ವರ್ಷ ಹಾಂಗ್‌ಕಾಂಗ್ ಮೊದಲಿಗೆ ಬರುತ್ತದೆ.

ಎಣಿಕೆಯ ಕ್ರಮವನ್ನೂ ನಾವು ಗಮನಿಸತಕ್ಕದ್ದು. ಬೆಂಗಳೂರಿನಿಂದ ಹೊರಟು, ದುಬೈಯಲ್ಲಿ ವಿಮಾನ ಬದಲಿಸಿ, ಲಂಡನ್ನಿಗೆ ಹೋಗುವ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಲೆಕ್ಕದಲ್ಲಿ ಒಬ್ಬ, ಲಂಡನ್ನಿನ ಲೆಕ್ಕದಲ್ಲಿಯೂ ಒಬ್ಬ. ದುಬೈಯ ಲೆಕ್ಕದಲ್ಲಿ ಮಾತ್ರ ಇಬ್ಬರು. ಅಲ್ಲಿ ಇಳಿದುದು ಒಂದು, ಮತ್ತೆ ಏರಿದುದು ಇನ್ನೊಂದು. ಆ ಊರಿನ ಬೀದಿಯನ್ನು ಆತ ಕಂಡಿರುವುದೇ ಇಲ್ಲ!

ಇವೆಲ್ಲ ಸಂಚಾರದ ಮೊತ್ತವನ್ನು ಹೇಳುತ್ತವೆಯೇ ಹೊರತು ಇಕ್ಕಟ್ಟನ್ನಲ್ಲ. ಅದನ್ನು ತಿಳಿಯಲು ರನ್‌ವೇಗಳ ಕಡೆಗೆ ತಿರುಗಬೇಕು. 2024ರಲ್ಲಿ ಅಟ್ಲಾಂಟದ ಐದು ರನ್‌ವೇಗಳಲ್ಲಿ ವಿಮಾನಗಳು ಏರಿಳಿದುದು ಸುಮಾರು 7 ಲಕ್ಷ 96 ಸಾವಿರ ಸಲ. ಲಂಡನ್ನಿನ ಹೀಥ್ರೋದ ಎರಡರಲ್ಲಿ ಸುಮಾರು 4 ಲಕ್ಷ 74 ಸಾವಿರ ಸಲ. ಒಂದೊಂದು ರನ್‌ವೇಗೆ ಹಂಚಿದರೆ ಅಟ್ಲಾಂಟಕ್ಕೆ 1 ಲಕ್ಷ 59 ಸಾವಿರ, ಹೀಥ್ರೋಗೆ 2 ಲಕ್ಷ 37 ಸಾವಿರ ಬರುತ್ತದೆ. ಹೀಥ್ರೋದ ಒಟ್ಟು ಪ್ರಯಾಣಿಕರು 8 ಕೋಟಿ 39 ಲಕ್ಷ ಮಾತ್ರ. ಆದರೂ ವಿಮಾನವೊಂದಕ್ಕೆ ಸರಾಸರಿ 177 ಜನ. ಅಟ್ಲಾಂಟದಲ್ಲಿ ಈ ಸಂಖ್ಯೆ 136. ಏರಿಳಿತಕ್ಕೆ ಹೆಚ್ಚಿನ ಎಡೆಯಿಲ್ಲದೆಡೆ ವಿಮಾನದ ಗಾತ್ರ ಹಿಗ್ಗುವುದು ಸಹಜ.

ಹೀಥ್ರೋಗೆ ವಿಧಿಸಿರುವ ವಾರ್ಷಿಕ ಮಿತಿ 4 ಲಕ್ಷ 80 ಸಾವಿರ. ಐದನೆಯ ಟರ್ಮಿನಲ್ಲಿಗೆ 2001ರಲ್ಲಿ ಅನುಮತಿ ಕೊಟ್ಟಾಗ, ಸುತ್ತಲಿನ ನಿವಾಸಿಗಳು ಸಹಿಸಬೇಕಾದ ಸದ್ದನ್ನು ಮುಖ್ಯವಾಗಿ ಪರಿಗಣಿಸಿ ಹಾಕಿದ ಕಟ್ಟು ಅದು. ಮಿತಿಯ ಅಂಚಿನಲ್ಲಿರುವ ಇಂಥ ನಿಲ್ದಾಣದಲ್ಲಿ ಒಂದು ಮುಂಜಾನೆ ಮಂಜು ಕವಿದು, ಇಳಿಯುವ ವಿಮಾನಗಳ ನಡುವಣ ಅಂತರವನ್ನು ಹೆಚ್ಚಿಸಬೇಕಾದರೆ, ತಡವಾದುವನ್ನು ಸೇರಿಸಲು ಮಧ್ಯಾಹ್ನದಲ್ಲಿ ತೆರಪೇ ದೊರೆಯದು. ಬಳಲುವವರು ಪ್ರಯಾಣಿಕರು. ವಾರ್ಷಿಕ ಪಟ್ಟಿಯಲ್ಲಿ ಇದರ ಸುಳಿವೂ ಇರುವುದಿಲ್ಲ.

ರನ್‌ವೇಗಳ ಸಂಖ್ಯೆಯಿಂದ ಭಾಗಿಸುವ ಈ ಕ್ರಮವನ್ನಾದರೂ ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಮುಂಬಯಿಯಲ್ಲಿ ರನ್‌ವೇಗಳು ಎರಡಿದ್ದರೂ ಅವು ಒಂದನ್ನೊಂದು ಅಡ್ಡಹಾಯುವುದರಿಂದ ಏಕಕಾಲದಲ್ಲಿ ಎರಡನ್ನೂ ಸ್ವತಂತ್ರವಾಗಿ ಬಳಸಲಾಗದು. ಅಲ್ಲಿ ಭಾಗಿಸಬೇಕಾದುದು ಎರಡರಿಂದಲ್ಲ, ಒಂದರಿಂದ.