ಕಾಲಕ್ಷೇಪದ ಆಟ, ಪಂಥದ ಆಟ

ಮಹಾನಗರದ ಎರಡು ಕೋಣೆಯ ಮನೆಗಳಲ್ಲಿ ಈಗ ಆಗಾಗ್ಗೆ ಕಾಣಸಿಗುವ ದೃಶ್ಯವೊಂದಿದೆ. ಲೋಕಲ್ ರೈಲಿನಲ್ಲಿ ಮೊಬೈಲಿನ ಮೇಲೆ ಬಣ್ಣದ ಮಿಠಾಯಿಗಳನ್ನು ಜೋಡಿಸುತ್ತ ಮನೆ ಸೇರಿದ ತಂದೆ, ಒಬ್ಬನೇ ರಾಕ್ಷಸನೊಡನೆ ನಲವತ್ತನೆಯ ಬಾರಿ ಕಾದಾಡಿ ಸೋಲುತ್ತಿರುವ ಮಗನನ್ನು ಗದರಿಸುತ್ತಾನೆ. ತನ್ನದು ಕಾಲಕ್ಷೇಪ, ಮಗನದು ಗೀಳು ಎಂಬುದು ತಂದೆಯ ನಂಬಿಕೆ. ಅಪ್ಪ ಆಡುವುದು ಆಟವೇ ಅಲ್ಲ ಎಂಬುದು ಮಗನ ಅಭಿಪ್ರಾಯ. ಇಬ್ಬರ ಮಾತಿನಲ್ಲಿಯೂ ಅಲ್ಪ ಸತ್ಯವಿದೆ, ಅದಕ್ಕಿಂತ ಹೆಚ್ಚಿನ ತಪ್ಪು ತಿಳಿವಳಿಕೆಯೂ ಇದೆ.

ವಿಡಿಯೋ ಆಟಗಾರರಲ್ಲಿ ಸ್ಥೂಲವಾಗಿ ಎರಡು ಮನೋಧರ್ಮಗಳನ್ನು ಗುರುತಿಸುವುದುಂಟು. ಬಿಡುವಿನ ವೇಳೆಯಲ್ಲಿ ಮನಸ್ಸನ್ನು ಹಗುರಮಾಡಿಕೊಳ್ಳಲು ಆಡುವುದು ಒಂದು. ಇದನ್ನು ‘ಕ್ಯಾಶುವಲ್’ ಎನ್ನುತ್ತಾರೆ. ಕಷ್ಟವನ್ನೇ ಅರಸಿ ಹೋಗಿ, ಅದನ್ನು ಮಣಿಸುವುದರಲ್ಲಿ ಸುಖ ಕಾಣುವುದು ಇನ್ನೊಂದು. ಇದೇನೂ ಯಂತ್ರಯುಗದ ಸೃಷ್ಟಿಯಲ್ಲ. ಊಟವಾದ ಮೇಲೆ ಹೊತ್ತು ಹೋಗಲೆಂದು ಚೌಕಾಬಾರ ಆಡುವವರೂ, ಒಂದು ಕಾಯಿ ಹೊಡೆಸಿಕೊಂಡರೆ ರಾತ್ರಿಯೆಲ್ಲ ಆ ಲೆಕ್ಕವನ್ನೇ ಮೆಲುಕು ಹಾಕುವವರೂ ನಮ್ಮ ಊರುಗಳ ಒಂದೇ ಜಗಲಿಯ ಮೇಲೆ ಕುಳಿತಿರುತ್ತಿದ್ದರು.

ಈ ಭೇದವು ಆಟಕ್ಕಿಂತ ಹೆಚ್ಚಾಗಿ ಆಡುವವನ ಮನಸ್ಸಿಗೆ ಸೇರಿದ್ದು ಎಂಬುದಕ್ಕೆ ಟೆಟ್ರಿಸ್ ಒಳ್ಳೆಯ ನಿದರ್ಶನ. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಈ ಆಟದ ನಿಯಮವನ್ನು ಯಾರಾದರೂ ಐದು ನಿಮಿಷದಲ್ಲಿ ಕಲಿಯಬಹುದು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಇಳಿಯುತ್ತವೆ. ಸಂದಿಯಿಲ್ಲದಂತೆ ಅವನ್ನು ಜೋಡಿಸಿ ಅಡ್ಡಸಾಲು ತುಂಬಿದರೆ ಆ ಸಾಲು ಅಳಿಯುತ್ತದೆ. ಕೋಟ್ಯಂತರ ಜನರಿಗೆ ಇದು ಬಸ್ಸು ಬರುವವರೆಗಿನ ವಿನೋದ. ಆದರೆ 1989ರಲ್ಲಿ ನಿಂಟೆಂಡೋ ಸಂಸ್ಥೆಯು ಟಿ.ವಿ.ಗೆ ಜೋಡಿಸುವ ತನ್ನ ಯಂತ್ರಕ್ಕಾಗಿ ಹೊರತಂದ ಟೆಟ್ರಿಸ್‌ನಲ್ಲಿ 29ನೆಯ ಹಂತದ ವೇಗವು ಮನುಷ್ಯನ ಬೆರಳಿಗೆ ಮೀರಿದ್ದೆಂದೂ, ಅಲ್ಲಿಗೆ ಆಟ ಮುಗಿಯಿತೆಂದೂ ಬಹುಕಾಲ ತಿಳಿಯಲಾಗಿತ್ತು. ಪಂಥದ ಆಟಗಾರರು ಸುಮ್ಮನಿರಲಿಲ್ಲ. ಗುಂಡಿ ಒತ್ತುವ ರೀತಿಯನ್ನೇ ಬದಲಿಸಿದರು. ಕೈಯಲ್ಲಿನ ಸಾಧನದ ಹಿಂಬದಿಯನ್ನು ಖಂಜಿರ ನುಡಿಸುವವರಂತೆ ಬೆರಳುಗಳಿಂದ ಸರಸರನೆ ತಟ್ಟುವ ಕ್ರಮವೊಂದನ್ನು ರೂಢಿಸಿಕೊಂಡರು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬ 157ನೆಯ ಹಂತ ಮುಟ್ಟಿದಾಗ, ಮುಂದೆ ಸಾಗಲಾರದೆ ಆಟವೇ ಸ್ತಬ್ಧವಾಯಿತು. ಸೋತದ್ದು ಬಾಲಕನಲ್ಲ!

ಇಷ್ಟೊಂದು ಶ್ರಮವನ್ನು ಸುಖವೆನ್ನುವುದು ಹೇಗೆ? ಹಂಗೆರಿ ಮೂಲದ ಅಮೆರಿಕನ್ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1975ರ ತಮ್ಮ ಗ್ರಂಥದಲ್ಲಿ ಬಂಡೆ ಏರುವವರು, ಚದುರಂಗದ ಆಟಗಾರರು, ಶಸ್ತ್ರವೈದ್ಯರು ಮೊದಲಾದವರ ಅನುಭವವನ್ನು ಪರಿಶೀಲಿಸಿ ಒಂದು ಉತ್ತರ ಕೊಟ್ಟಿದ್ದಾರೆ. ಎದುರಿಗಿರುವ ಕಷ್ಟವು ಕೈಯಲ್ಲಿರುವ ಕೌಶಲಕ್ಕಿಂತ ಬಹಳ ಹೆಚ್ಚಾದರೆ ಆತಂಕ, ಬಹಳ ಕಡಿಮೆಯಾದರೆ ಬೇಸರ. ಎರಡೂ ಸರಿತೂಗಿದಾಗ ಮನಸ್ಸು ಹೊತ್ತನ್ನೇ ಮರೆತು ಕೆಲಸದಲ್ಲಿ ಲೀನವಾಗುತ್ತದೆ. 2011ರಲ್ಲಿ ಜಪಾನಿನಿಂದ ಬಂದ ಡಾರ್ಕ್ ಸೋಲ್ಸ್ ಎಂಬ ಕಠಿಣ ಆಟದಲ್ಲಿ ಸತ್ತವನು ಇನ್ನೂ ಖರ್ಚುಮಾಡದ ಗಳಿಕೆಯನ್ನು ಬಿದ್ದ ಸ್ಥಳದಲ್ಲಿಯೇ ಬಿಟ್ಟುಬರುತ್ತಾನೆ. ಪುನಃ ಅಲ್ಲಿಯವರೆಗೆ ಹೋದರೆ ಅದು ದೊರೆಯುತ್ತದೆ. ದಾರಿಯಲ್ಲಿ ಮತ್ತೆ ಸತ್ತರೆ ಇಲ್ಲ. ಹೊರಗಿನಿಂದ ನೋಡುವ ತಂದೆಗೆ ನಲವತ್ತು ಸೋಲೂ ಒಂದೇ. ಮಗನಿಗಾದರೋ ಹತ್ತನೆಯದರಲ್ಲಿ ಏಟು ಯಾವ ಕಡೆಯಿಂದ ಬರುತ್ತದೆಂದು ತಿಳಿದಿದೆ, ಇಪ್ಪತ್ತನೆಯದರಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ತಿಳಿದಿದೆ. ಲೆಕ್ಕಶಾಸ್ತ್ರದ ಪರೀಕ್ಷೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವಾಗ ಇದೇ ಗುಣವನ್ನು ನಾವು ಹೊಗಳುತ್ತೇವೆ.

ಹಾಗಾದರೆ ತಂದೆಯ ಕಾಲಕ್ಷೇಪವಾದರೂ ನಿರಪಾಯವೇ? ಇಲ್ಲಿ ವ್ಯಾಪಾರದ ಕಡೆಯನ್ನೂ ನೋಡಬೇಕಾಗುತ್ತದೆ. 1978ರ ಸ್ಪೇಸ್ ಇನ್‌ವೇಡರ್ಸ್ ಕಾಲದಲ್ಲಿ ಆಟದ ಯಂತ್ರ ಅಂಗಡಿಯಲ್ಲಿರುತ್ತಿತ್ತು, ನಾಣ್ಯ ಹಾಕಿದರೆ ನಡೆಯುತ್ತಿತ್ತು. ಆಟಗಾರ ಬೇಗ ಸೋತಷ್ಟೂ ಮುಂದಿನ ನಾಣ್ಯ ಬೇಗ ಬೀಳುತ್ತಿದ್ದುದರಿಂದ ಆಟ ಕಷ್ಟವಾಗಿರುವುದೇ ಮಾಲಿಕನಿಗೆ ಲಾಭವಾಗಿತ್ತು. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾದ ಲೆಕ್ಕ ಬೇರೆ. ಆಡಲು ಹಣ ಬೇಕಿಲ್ಲ, ಐದು ‘ಜೀವ’ಗಳಿರುತ್ತವೆ. ಒಂದು ಸೋಲಿಗೆ ಒಂದು ಜೀವ ಹೋಗುತ್ತದೆ, ಅದು ಮರಳಿ ಬರಲು 30 ನಿಮಿಷ ಕಾಯಬೇಕು. ಕಾಯಲಾರದವನು ಹಣ ಕೊಟ್ಟು ಕೊಳ್ಳಬಹುದು. ಸೋಲಿನಿಂದ ಕಲಿಯುವುದಕ್ಕಿಂತ, ಸೋಲಿನ ಕ್ಷಣದ ಅಸಹನೆಯೇ ಇಲ್ಲಿನ ಬಂಡವಾಳ. ಹತ್ತಿಪ್ಪತ್ತು ರೂಪಾಯಿಯ ಸಣ್ಣ ಖರ್ಚುಗಳು ಪಾಸ್‌ಬುಕ್ಕಿನಲ್ಲಿ ಚೆದುರಿ ಬೀಳುವುದರಿಂದ ತಿಂಗಳ ಮೊತ್ತವನ್ನು ಯಾರೂ ಕೂಡಿ ನೋಡುವುದಿಲ್ಲ. (ಹಣವನ್ನು ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳ ವಿಚಾರ ಬೇರೆಯೇ. 2025ರ ಆಗಸ್ಟಿನಲ್ಲಿ ಸಂಸತ್ತು ಅವುಗಳ ನಿಷೇಧಕ್ಕೆ ಕಾಯಿದೆ ಮಾಡಿತು.)

ಇನ್ನು ಆರೋಗ್ಯದ ಮಾತು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ; ನಡುರಾತ್ರಿಯ ಆಟ ನಿದ್ರೆಯನ್ನು ಕಸಿಯುತ್ತದೆ. ಈ ತೊಂದರೆಗಳು ಅಪ್ಪ ಮಗನೆಂಬ ಭೇದವೆಣಿಸುವುದಿಲ್ಲ. ಮಾನಸಿಕ ವ್ಯಾಧಿಯ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಆಟದ ವ್ಯಸನಕ್ಕೆ ಸ್ಥಾನ ದೊರೆತಿದೆ. ಆದರೆ ಅಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಅಳತೆಯಿಲ್ಲ, ಆಟ ಸುಲಭವೋ ಕಠಿಣವೋ ಎಂಬ ವಿಚಾರಣೆಯೂ ಇಲ್ಲ. ಆಟದ ಮೇಲಿನ ಹತೋಟಿ ತಪ್ಪುವುದು, ಉಳಿದ ಆಸಕ್ತಿ ಮತ್ತು ನಿತ್ಯಕರ್ಮಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡದಿರುವುದು: ಇವು ಸಾಮಾನ್ಯವಾಗಿ 12 ತಿಂಗಳು ಕಂಡುಬಂದು, ವ್ಯಾಸಂಗ, ಉದ್ಯೋಗ, ಸಂಸಾರ ಗಂಭೀರವಾಗಿ ಕೆಟ್ಟಿರಬೇಕು. ಪಂಥದ ಆಟ ಆಡಿಯೂ ಕರೆದಾಗ ಊಟಕ್ಕೆ ಬರುವ ಹುಡುಗ ಈ ವರ್ಣನೆಗೆ ಒಳಪಡುವುದಿಲ್ಲ. ಮಿಠಾಯಿ ಜೋಡಿಸುತ್ತ ರಾತ್ರಿ ಒಂದು ಗಂಟೆಯಾದರೂ ಮೊಬೈಲ್ ಕೆಳಗಿಡಲಾರದ ಹಿರಿಯರು ಒಮ್ಮೆ ಯೋಚಿಸಬೇಕಾದೀತು.

ಆದ್ದರಿಂದ ‘ಎಷ್ಟು ಹೊತ್ತು ಆಡಿದೆ?’ ಎಂಬ ಪ್ರಶ್ನೆಗಿಂತ ‘ಸೋತಾಗ ಏನು ಮಾಡುತ್ತೀಯೆ?’ ಎಂಬ ಪ್ರಶ್ನೆ ಹೆಚ್ಚು ತಿಳಿಸಿಕೊಡುತ್ತದೆ. ಎಲ್ಲಿ ತಪ್ಪಿತೆಂದು ಉತ್ಸಾಹದಿಂದ ವಿವರಿಸುವ ಮಗ ಕ್ಷೇಮವಾಗಿದ್ದಾನೆ. ಸಿಡುಕಿನ ಹೊರತು ಬೇರೆ ಉತ್ತರವಿಲ್ಲದೆ, ಖುಷಿಯೂ ಇಲ್ಲದೆ ಆಡುತ್ತಲೇ ಇರುವವನ ಬಗೆಗೆ ಗಮನ ಬೇಕು. ಅಂಥವನ ಕೈಯಿಂದ ಯಂತ್ರವನ್ನು ಕಿತ್ತುಕೊಳ್ಳುವ ಮುನ್ನ ವಲಸೆ ಕುಟುಂಬಗಳು ಇನ್ನೊಂದು ಸಂಗತಿಯನ್ನು ನೆನೆಯಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗುವ ತಂದೆಯ ಜೊತೆ ಶಾಲೆ, ಬೀದಿ, ಭಾಷೆಗಳನ್ನೂ ಬದಲಿಸುವ ಹುಡುಗನಿಗೆ, ಊರು ಬಿಟ್ಟರೂ ಬಿಟ್ಟುಹೋಗದ ಗೆಳೆಯರು ಕೆಲವು ಸಲ ಆ ಆಟದೊಳಗೇ ಇರುತ್ತಾರೆ.

ಮನೆಯ ಮಾತಿನಿಂದ ಬಗೆಹರಿಯದಿದ್ದರೆ ಸಹಾಯ ಕೇಳಲು ಸಂಕೋಚಪಡಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮೊಬೈಲು, ಅಂತರಜಾಲ, ಆಟಗಳ ಅತಿಬಳಕೆಗೆಂದೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಅಷ್ಟು ದೂರ ಹೋಗಲಾಗದವರಿಗೆ, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಅದು ಭಾರತದ ಹಲವು ಭಾಷೆಗಳಲ್ಲಿದೆ, ಕನ್ನಡವೂ ಅವುಗಳಲ್ಲೊಂದು.