ಬಿಟ್ಟ ಜ್ವರ ಮತ್ತೆ ಬಂದಾಗ

ನಮ್ಮದು ಸೊರಬ ಎಂದರೆ ಹಾಸ್ಟೆಲ್‌ನಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಕ್ಯಾಸನೂರು ಕಾಡಿನ ಕಡೆ ಎಂದರೆ ‘ಓ, ಮಂಗನ ಕಾಯಿಲೆಯವರಾ!’ ಎಂದು ನಗುತ್ತಾರೆ. ನಗಲಿ ಬಿಡಿ. ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ತಾಲ್ಲೂಕಿನ ಒಂದು ಊರಿನ ಹೆಸರಿದೆ ಎಂದರೆ ಅದು ಈ ವೈರಸ್‌ನಿಂದಲೇ.

1957ರಲ್ಲಿ ಇಲ್ಲಿ ಮಂಗಗಳು ಸಾಲಾಗಿ ಸತ್ತು, ಜನರೂ ಜ್ವರ ಬಿದ್ದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲ ಅನುಮಾನ ಹಳದಿ ಜ್ವರದ ಮೇಲಿತ್ತು. ಸಿಕ್ಕಿದ್ದು ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್‌ನ ನೆಂಟ! ಹೆಸರು ಕೆಟ್ಟಿದ್ದು ಮಂಗನದು, ಹರಡುವುದು ಮಾತ್ರ ಉಣುಗು. ಮಂಗವೂ ನಮ್ಮ ಹಾಗೆ ರೋಗಿಯೇ. ಅದು ಸತ್ತು ಬಿದ್ದ ಜಾಗದಲ್ಲಿ ಮೈಮೇಲಿನ ಉಣುಗುಗಳು ಚೆದುರುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ.

ಜ್ವರ, ತಲೆನೋವು, ಎಲುಬು ಮುರಿದಂಥ ಮೈಕೈ ನೋವು, ಕೆಲವರಿಗೆ ಒಸಡಿನಲ್ಲಿ ರಕ್ತ. ಇಷ್ಟು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರಡನೇ ಸುತ್ತಿನ ವಿಷಯ ಅಷ್ಟಾಗಿ ಗೊತ್ತಿಲ್ಲ.

ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗಿದ್ದ ನಮ್ಮ ದೊಡ್ಡಪ್ಪ ವಾರವಿಡೀ ಜ್ವರದಲ್ಲಿ ಮಲಗಿ ಎದ್ದರು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಎಂದೇ ಬಂದಿತ್ತು. ಗಂಜಿ ಬಿಟ್ಟು ಊಟ ಶುರುವಾಯಿತು, ತೋಟಕ್ಕೂ ಹೋಗಿಬಂದರು. ಹತ್ತು ದಿನ ಕಳೆದು ಮತ್ತೆ ಜ್ವರ. ಈ ಸಲ ಲೋಟ ಹಿಡಿದ ಕೈ ನಡುಗುತ್ತಿತ್ತು, ಕತ್ತು ಬಗ್ಗುತ್ತಿರಲಿಲ್ಲ. ದೊಡ್ಡಮ್ಮನನ್ನೇ ‘ನೀವ್ಯಾರು?’ ಎಂದುಬಿಟ್ಟರು. ಗಾಳಿ ಸೋಕಿದೆ, ನಿಂಬೆಹಣ್ಣು ಮಂತ್ರಿಸಿ ತರೋಣ ಎಂದರು ಪಕ್ಕದ ಮನೆಯವರು. ದೊಡ್ಡಮ್ಮ ಕೇಳಲಿಲ್ಲ. ‘ಅದೇ ಜ್ವರ ತಲೆಗೇರಿದೆ’ ಎಂದು ಹಳೇ ಚೀಟಿ ಸಮೇತ ಆಸ್ಪತ್ರೆಗೆ ಹೊರಡಿಸಿದರು. ಏಳನೇ ಕ್ಲಾಸು ಓದಿದ ದೊಡ್ಡಮ್ಮ! ಡಾಕ್ಟರ್ ಹೇಳಿದ್ದೂ ಅದನ್ನೇ.

ಈ ಕಾಯಿಲೆ ಬಂದ 100 ಜನರಲ್ಲಿ 10ರಿಂದ 20 ಮಂದಿಗೆ ಹೀಗೆ ಮೂರನೇ ವಾರದ ಹೊತ್ತಿಗೆ ಜ್ವರ ಮರಳುತ್ತದೆ. ಆಗ ಏಟು ಬೀಳುವುದು ನರಮಂಡಲಕ್ಕೆ. ವಿಪರೀತ ತಲೆನೋವು, ನಡುಕ, ಗೊಂದಲ, ಕೆಲವರಿಗೆ ದೃಷ್ಟಿ ಮಂಜು. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ನೀರಿನಂಶ ಕಾಯ್ದುಕೊಂಡು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಆರೈಕೆ ಮಾಡಬೇಕು. ಒಟ್ಟು ರೋಗಿಗಳಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾಯುತ್ತಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಆದ ಸಾವುಗಳನ್ನು ನಮ್ಮ ಕಡೆಯವರು ಮರೆತಿಲ್ಲ.

ದೊಡ್ಡಪ್ಪ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಈಗ ದರಗಿಗೆ ಹೋಗುವ ಮೊದಲು ಆಶಾ ಕಾರ್ಯಕರ್ತೆ ಕೊಟ್ಟ ಡೆಪಾ ಎಣ್ಣೆಯನ್ನು, ಅದರ ವಾಸನೆಗೆ ಬೈಯುತ್ತಲೇ, ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ಬಂದ ಮೇಲೆ ಬಿಸಿನೀರಿನ ಸ್ನಾನ ಆಗುವ ತನಕ ದೊಡ್ಡಮ್ಮ ಜಗಲಿ ಹತ್ತಲು ಬಿಡುವುದಿಲ್ಲ.