ನಗರಗಳ ಕೊಲೆ ದರ: ಅಂಕಿಗಳ ಹೋಲಿಕೆ ಮತ್ತು ಕಾರಣಗಳ ವಿವಾದ

ಅಮೆರಿಕದ ಚಿಕಾಗೊ ನಗರದಲ್ಲಿ ಎರಡು ವರ್ಷಗಳಿಗೊಮ್ಮೆ, ಸಮಸಂಖ್ಯೆಯ ವರ್ಷಗಳ ಸೆಪ್ಟೆಂಬರ್ ತಿಂಗಳಿನಲ್ಲಿ, ಯಂತ್ರೋಪಕರಣಗಳ ಅಂತರರಾಷ್ಟ್ರೀಯ ಪ್ರದರ್ಶನ ಜರುಗುತ್ತದೆ. ಲೋಹ ಕತ್ತರಿಸುವ ಯಂತ್ರಗಳು ಹಾಗೂ ಬಿಡಿಭಾಗಗಳ ತಯಾರಕರಿಗೆ ಇದು ಮಹತ್ವದ ಮೇಳ. ಆದರೆ ಪ್ರವಾಸದ ಮಾತು ಬಂದೊಡನೆ ಮನೆಯವರಿಂದ ಬರುವ ಪ್ರಶ್ನೆ ಬೇರೆಯೇ: ‘ಚಿಕಾಗೊ ಎಂದರೆ ಕೊಲೆಗಳ ಊರಲ್ಲವೇ?’ ಹೊರದೇಶದಲ್ಲಿ ಪ್ರತಿನಿಧಿಯನ್ನು ನೇಮಿಸುವಾಗ, ಗೋದಾಮು ಬಾಡಿಗೆಗೆ ಹಿಡಿಯುವಾಗ, ನೌಕರನನ್ನು ಆರು ತಿಂಗಳ ಮಟ್ಟಿಗೆ ಕಳುಹಿಸುವಾಗಲೂ ಇದೇ ಶಂಕೆ ಕಾಡುತ್ತದೆ. ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ ಪ್ರಕಟವಾಗುವ ‘ಅತ್ಯಂತ ಅಪಾಯಕಾರಿ ನಗರಗಳ’ ಪಟ್ಟಿಗಳು ಈ ಶಂಕೆಯನ್ನು ಬಲಪಡಿಸುತ್ತವೆ. ಪಟ್ಟಿಯನ್ನು ಓದುವವರು ಅನೇಕರು. ಅದು ಹೇಗೆ ಸಿದ್ಧವಾಯಿತೆಂದು ವಿಚಾರಿಸುವವರು ವಿರಳ. ಅಮೆರಿಕದ ಕೇಂದ್ರೀಯ ತನಿಖಾ ಸಂಸ್ಥೆಯಾದ ಎಫ್.ಬಿ.ಐ. ತನ್ನದೇ ಅಂಕಿಅಂಶಗಳನ್ನು ಬಳಸಿ ನಗರಗಳಿಗೆ ಶ್ರೇಯಾಂಕ ನೀಡಬಾರದೆಂದು ಬಹುಕಾಲದಿಂದ ಎಚ್ಚರಿಸುತ್ತ ಬಂದಿದೆ ಎಂಬುದು ಇಲ್ಲಿ ಗಮನಾರ್ಹ.

ಕೊಲೆಯನ್ನೇ ಏಕೆ ಎಣಿಸಬೇಕು?

ಅಪರಾಧಗಳ ಪೈಕಿ ಕೊಲೆಯೊಂದನ್ನೇ ಹೋಲಿಕೆಗೆ ಆಯ್ದುಕೊಳ್ಳಲು ಕಾರಣವಿದೆ. ಕಳವು ನಡೆದರೂ ಅಂಗಡಿಯವನು ಠಾಣೆಗೆ ಹೋಗದಿರಬಹುದು. ಹೋದರೂ ದೂರು ದಾಖಲಾಗದಿರಬಹುದು. ವಿಮಾ ಪರಿಹಾರ ಪಡೆಯಲು ದೂರಿನ ಪ್ರತಿ ಕಡ್ಡಾಯವಾಗಿರುವ ಊರಿನಲ್ಲಿ ಕಳವಿನ ಸಂಖ್ಯೆ ಹೆಚ್ಚಾಗಿ ಕಾಣುವುದು ಸಹಜ. ಶವವನ್ನು ಮಾತ್ರ ಹಾಗೆ ಮರೆಮಾಚಲಾಗದು. ಆದ್ದರಿಂದ ಕೊಲೆಯ ಲೆಕ್ಕ ಉಳಿದೆಲ್ಲ ಅಪರಾಧಗಳ ಲೆಕ್ಕಕ್ಕಿಂತ ನಂಬಲರ್ಹ.

ಆದರೂ ಎಣಿಕೆಯ ವಿಧಾನ ಎಲ್ಲ ಕಡೆಯೂ ಒಂದೇ ಅಲ್ಲ. ಭಾರತದಲ್ಲಿ ಕೊಲೆ, ಕೊಲೆಯಲ್ಲದ ದಂಡನೀಯ ನರಹತ್ಯೆ, ವರದಕ್ಷಿಣೆ ಸಾವು ಇವು ಪ್ರತ್ಯೇಕ ಶೀರ್ಷಿಕೆಗಳಲ್ಲಿ ದಾಖಲಾಗುತ್ತವೆ. ಅಮೆರಿಕದ ಲೆಕ್ಕದಲ್ಲಿ ಉದ್ದೇಶಪೂರ್ವಕ ನರಹತ್ಯೆಗಳೆಲ್ಲ ಒಂದೇ ಕಲಮಿನಲ್ಲಿ ಸೇರುತ್ತವೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಮಡಿದ ಎರಡೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಆ ವರ್ಷದ ಕೊಲೆಗಳ ಸಾಮಾನ್ಯ ಪಟ್ಟಿಗೆ ಸೇರಿಸಲಿಲ್ಲ. ಸೇರಿಸಿದ್ದರೆ ಅದೊಂದು ವರ್ಷದ ಅಂಕಿ ಮುಂದಿನ ಎಲ್ಲ ಹೋಲಿಕೆಗಳನ್ನೂ ಅಸ್ತವ್ಯಸ್ತಗೊಳಿಸುತ್ತಿತ್ತು. ಸೇರಿಸದಿರುವುದೂ ಒಂದು ನಿರ್ಣಯವೇ.

ಛೇದದಲ್ಲಿ ಅಡಗಿರುವ ತೊಡಕು

ಕಾರ್ಖಾನೆ ನಡೆಸುವವರಿಗೆ ತಿರಸ್ಕೃತ ಮಾಲಿನ ಲೆಕ್ಕ ಹೊಸದಲ್ಲ. ಹತ್ತು ನಗ ತಿರಸ್ಕೃತವಾಯಿತೆಂದರೆ ಏನೂ ತಿಳಿಯದು. ನೂರಕ್ಕೆ ಹತ್ತೋ ಹತ್ತು ಸಾವಿರಕ್ಕೆ ಹತ್ತೋ ಎಂಬುದು ತಿಳಿಯಬೇಕು. ಕೊಲೆಯ ದರವೂ ಹಾಗೆಯೇ: ಒಂದು ವರ್ಷದ ಕೊಲೆಗಳನ್ನು ಜನಸಂಖ್ಯೆಯಿಂದ ಭಾಗಿಸಿ, ಒಂದು ಲಕ್ಷಕ್ಕೆ ಎಷ್ಟು ಎಂದು ಹೇಳಲಾಗುತ್ತದೆ. ಅಂಶದ ಬಗ್ಗೆ ಎಲ್ಲರೂ ಚರ್ಚಿಸುತ್ತಾರೆ. ಲೆಕ್ಕ ಕೆಡುವುದು ಬಹುತೇಕ ಛೇದದಲ್ಲಿ.

ಅಮೆರಿಕದ ಪಟ್ಟಿಗಳಲ್ಲಿ ಹಲವು ಬಾರಿ ಅಗ್ರಸ್ಥಾನಕ್ಕೆ ಬಂದ ಸೇಂಟ್ ಲೂಯಿಸ್ ನಗರ ಇದಕ್ಕೆ ಅತ್ಯುತ್ತಮ ಉದಾಹರಣೆ. 2020ರಲ್ಲಿ ಅಲ್ಲಿ 263 ಕೊಲೆಗಳಾದವು. ಅದೇ ವರ್ಷದ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ 3,01,578. ಅಂದರೆ ಲಕ್ಷಕ್ಕೆ ಸುಮಾರು 87. ಕೇಳಿದರೆ ಮೈ ಜುಮ್ಮೆನ್ನುವ ಸಂಖ್ಯೆ. ಆದರೆ ಈ ನಗರ 1876ರಲ್ಲಿ ತನ್ನ ಸುತ್ತಲಿನ ಕೌಂಟಿಯಿಂದ, ಅಂದರೆ ಜಿಲ್ಲೆಯಿಂದ, ಬೇರ್ಪಟ್ಟು ಗಡಿಯನ್ನು ಶಾಶ್ವತವಾಗಿ ಗೊತ್ತುಮಾಡಿಕೊಂಡಿತು. ಆಗ ಹಳ್ಳಿಗಾಡಿನ ತೆರಿಗೆ ಹೊರೆ ತಮಗೇಕೆ ಎಂಬ ಲೆಕ್ಕಾಚಾರ ನಗರದವರದಾಗಿತ್ತು. ಮುಂದೆ ಅನುಕೂಲಸ್ಥರು ಗಡಿಯಾಚೆಯ ಬಡಾವಣೆಗಳಿಗೆ ತೆರಳಿದರು. 1950ರಲ್ಲಿ 8.5 ಲಕ್ಷ ದಾಟಿದ್ದ ನಗರದ ಜನಸಂಖ್ಯೆ 3 ಲಕ್ಷಕ್ಕಿಳಿಯಿತು. ಒಟ್ಟು ಮಹಾನಗರ ಪ್ರದೇಶದಲ್ಲಿ ಮಾತ್ರ ಸುಮಾರು 28 ಲಕ್ಷ ಜನರಿದ್ದಾರೆ. ಹಗಲು ನಗರದಲ್ಲಿ ದುಡಿದು ರಾತ್ರಿ ಗಡಿಯಾಚೆ ಮಲಗುವವರು ಛೇದದಲ್ಲಿ ಸೇರುವುದಿಲ್ಲ. ಇದಕ್ಕೆ ಪ್ರತಿಯಾಗಿ ನ್ಯಾಶ್‌ವಿಲ್ 1963ರಲ್ಲಿಯೂ ಜಾಕ್ಸನ್‌ವಿಲ್ 1968ರಲ್ಲಿಯೂ ತಮ್ಮ ಕೌಂಟಿಗಳೊಡನೆ ವಿಲೀನಗೊಂಡವು. ಅವುಗಳ ದರದಲ್ಲಿ ಶಾಂತವಾದ ಹೊರವಲಯಗಳೂ ಬೆರೆತಿವೆ. ಒಂದೆಡೆ ಹಣ್ಣಿನ ತಿರುಳನ್ನು ಮಾತ್ರ, ಇನ್ನೊಂದೆಡೆ ಇಡೀ ಹಣ್ಣನ್ನು ತೂಗಿ ಹೋಲಿಸಿದಂತೆ ಇದು. ಸೇಂಟ್ ಲೂಯಿಸ್‌ನ ಹಿಂಸೆ ಸುಳ್ಳೆಂದು ಇದರ ಅರ್ಥವಲ್ಲ. ಅಲ್ಲಿ ಸತ್ತವರು ನಿಜವಾಗಿಯೂ ಸತ್ತಿದ್ದಾರೆ. ಪಟ್ಟಿಯಲ್ಲಿನ ಅದರ ಸ್ಥಾನಕ್ಕೆ ಮಾತ್ರ ಭೂಪಟವೂ ಅರ್ಧ ಹೊಣೆ.

ಈ ತೊಡಕು ನಮ್ಮಲ್ಲಿಯೂ ಉಂಟು, ಬೇರೆ ರೂಪದಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಮಹಾನಗರಗಳ ಅಪರಾಧ ದರವನ್ನು ಪ್ರಕಟಿಸುತ್ತದೆ. ಅದರ 2022ರ ವರದಿಯಲ್ಲಿಯೂ ನಗರಗಳಿಗೆ ಬಳಕೆಯಾದದ್ದು 2011ರ ಜನಗಣತಿಯ ಸಂಖ್ಯೆಯೇ, ಏಕೆಂದರೆ 2021ರ ಜನಗಣತಿ ನಡೆಯಲಿಲ್ಲ. ಬೆಂಗಳೂರಿಗೆ ಈ ಸಂಖ್ಯೆ ಸುಮಾರು 85 ಲಕ್ಷ. ಲೆಕ್ಕಕ್ಕಾಗಿ ವರ್ಷಕ್ಕೆ 170 ಕೊಲೆಗಳೆಂದು ಭಾವಿಸಿದರೆ ದರ 2.0 ಆಗುತ್ತದೆ, ಛೇದವನ್ನು 1.2 ಕೋಟಿಗೆ ಏರಿಸಿದರೆ ಅದೇ 170ರಿಂದ 1.4 ಬರುತ್ತದೆ. ಹೀಗಾಗಿ ವೇಗವಾಗಿ ಬೆಳೆದ ನಗರವೊಂದು, ಜನರು ಬಂದು ನೆಲಸಿದ ಕಾರಣಕ್ಕಾಗಿಯೇ, ನಿಧಾನವಾಗಿ ಬೆಳೆದ ನಗರಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಇಡೀ ದೇಶದ ದರ 2022ರಲ್ಲಿ 2.1ರಷ್ಟಿತ್ತು ಎಂಬುದನ್ನು ನೆನೆದರೆ, ಇಷ್ಟು ಸಣ್ಣ ವ್ಯತ್ಯಾಸವೂ ನಗರವನ್ನು ಸರಾಸರಿಯ ಹತ್ತಿರಕ್ಕೋ ಅದರಿಂದ ಬಹಳ ಕೆಳಕ್ಕೋ ಒಯ್ಯಬಲ್ಲದೆಂಬುದು ಸ್ಪಷ್ಟವಾಗುತ್ತದೆ.

ಒಂದೇ ಮಟ್ಟದಲ್ಲಿದ್ದ ಎರಡು ನಗರಗಳು

ಕಾರಣಗಳ ವಿವಾದಕ್ಕೆ ಬಂದರೆ, ನ್ಯೂಯಾರ್ಕ್ ಮತ್ತು ಚಿಕಾಗೊಗಳ ಹೋಲಿಕೆಗಿಂತ ಬೋಧಪ್ರದವಾದುದು ಇನ್ನೊಂದಿಲ್ಲ. 1990ರಲ್ಲಿ ನ್ಯೂಯಾರ್ಕಿನಲ್ಲಿ 2,245 ಕೊಲೆಗಳಾದವು, ಚಿಕಾಗೊದಲ್ಲಿ ಸುಮಾರು 850. ಜನಸಂಖ್ಯೆ ಕ್ರಮವಾಗಿ 73 ಲಕ್ಷ ಮತ್ತು 28 ಲಕ್ಷ. ಎರಡೂ ನಗರಗಳ ದರ ಲಕ್ಷಕ್ಕೆ ಹೆಚ್ಚುಕಡಿಮೆ 30! 2024ರಲ್ಲಿ ನ್ಯೂಯಾರ್ಕಿನ ಕೊಲೆಗಳು 377, ಚಿಕಾಗೊದವು 573. ದರ ಒಂದರಲ್ಲಿ 4ರಿಂದ 5ರ ನಡುವೆ, ಇನ್ನೊಂದರಲ್ಲಿ 21ರ ಆಸುಪಾಸು. ಒಂದೇ ಗೆರೆಯಿಂದ ಹೊರಟ ಇಬ್ಬರಲ್ಲಿ ಒಬ್ಬರು ಇಷ್ಟು ಮುಂದೆ ಸಾಗಿದ್ದು ಹೇಗೆ?

ಸಿದ್ಧ ಉತ್ತರವೊಂದಿದೆ. 1982ರಲ್ಲಿ ವಿಲ್ಸನ್ ಮತ್ತು ಕೆಲಿಂಗ್ ಎಂಬ ವಿದ್ವಾಂಸರು ‘ಒಡೆದ ಕಿಟಕಿ’ಯ ವಾದವನ್ನು ಮಂಡಿಸಿದರು: ಸಣ್ಣಪುಟ್ಟ ಅವ್ಯವಸ್ಥೆಯನ್ನು ಸಹಿಸಿದರೆ ದೊಡ್ಡ ಅಪರಾಧಕ್ಕೆ ಆಹ್ವಾನವಿತ್ತಂತೆ. 1994ರಲ್ಲಿ ಮೇಯರ್ ಆದ ರುಡಾಲ್ಫ್ ಜೂಲಿಯಾನಿ ಹಾಗೂ ಪೊಲೀಸ್ ಮುಖ್ಯಸ್ಥ ವಿಲಿಯಂ ಬ್ರ್ಯಾಟನ್ ಇದನ್ನು ಜಾರಿಗೆ ತಂದರು. ಠಾಣಾಧಿಕಾರಿಗಳನ್ನು ಅಂಕಿಅಂಶಗಳ ಮುಂದೆ ನಿಲ್ಲಿಸಿ ಪ್ರಶ್ನಿಸುವ ‘ಕಾಂಪ್‌ಸ್ಟ್ಯಾಟ್’ ಪದ್ಧತಿಯೂ ಆಗಲೇ ಆರಂಭವಾಯಿತು. 1998ರ ವೇಳೆಗೆ ಕೊಲೆಗಳು 633ಕ್ಕಿಳಿದವು. ಜಗತ್ತಿನ ಹಲವು ನಗರಗಳು ಈ ಪದ್ಧತಿಯನ್ನು ಅನುಕರಿಸಿದವು.

ಆದರೆ ಇಳಿಕೆ 1994ಕ್ಕೆ ಮೊದಲೇ ಆರಂಭವಾಗಿತ್ತು. ಹಿಂದಿನ ಮೇಯರ್ ಡೇವಿಡ್ ಡಿಂಕಿನ್ಸ್ ಅವರ ಅವಧಿಯ ಕೊನೆಯ ವರ್ಷವಾದ 1993ರಲ್ಲಿಯೇ ಸಂಖ್ಯೆ 1,946ಕ್ಕೆ ತಗ್ಗಿತ್ತು. ಪೊಲೀಸ್ ಬಲವನ್ನು ಹೆಚ್ಚಿಸುವ ಯೋಜನೆಯೂ ಅವರ ಕಾಲದ್ದೇ. ಇಂಥ ಕಠಿಣ ಕ್ರಮಗಳನ್ನು ಕೈಗೊಳ್ಳದ ಸ್ಯಾನ್ ಡಿಯೇಗೊದಲ್ಲಿಯೂ ಕೊಲೆಗಳು ತೀವ್ರವಾಗಿ ಇಳಿದವು. ಅಮೆರಿಕದಂತೆ ಸೆರೆಮನೆಗಳನ್ನು ತುಂಬಿಸದ ಕೆನಡಾ ದೇಶದಲ್ಲಿಯೂ ಆ ದಶಕದಲ್ಲಿ ಇಳಿಕೆಯಾಯಿತು. ಮಾರುಕಟ್ಟೆಯೇ ಏರುತ್ತಿರುವಾಗ ತನ್ನ ಅಂಗಡಿಯ ಲಾಭವನ್ನೆಲ್ಲ ಹೊಸ ನಾಮಫಲಕದ ಲೆಕ್ಕಕ್ಕೆ ಬರೆಯುವ ವ್ಯಾಪಾರಿಯ ತಪ್ಪೇ ಇಲ್ಲಿಯೂ ಆಗಿದೆ.

ಇನ್ನೊಂದು ಪರೀಕ್ಷೆ ತಾನಾಗಿಯೇ ಒದಗಿತು. ದಾರಿಹೋಕರನ್ನು ತಡೆದು ಶೋಧಿಸುವ ಕ್ರಮವನ್ನು ನ್ಯೂಯಾರ್ಕ್ ಪೊಲೀಸರು 2011ರಲ್ಲಿ 6.85 ಲಕ್ಷ ಬಾರಿ ಅನುಸರಿಸಿದರು. ಅದು ಜಾರಿಯಾಗುತ್ತಿದ್ದ ರೀತಿ ಸಂವಿಧಾನಬಾಹಿರವೆಂದು 2013ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. 2017ರ ವೇಳೆಗೆ ಇಂಥ ತಡೆಗಳು ಸುಮಾರು 12 ಸಾವಿರಕ್ಕೆ ಕುಸಿದವು. ಕೊಲೆಗಳು ಏರುವವೆಂದು ಹಲವರು ಭವಿಷ್ಯ ನುಡಿದಿದ್ದರು. 2017ರಲ್ಲಿ ಆದದ್ದು 292. ಹಲವು ದಶಕಗಳಲ್ಲೇ ಅತಿ ಕಡಿಮೆ.

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 2004ರಲ್ಲಿ ನಾಲ್ಕು ಕಾರಣಗಳನ್ನು ಮುಂದಿಟ್ಟರು: ಪೊಲೀಸರ ಸಂಖ್ಯೆಯ ಹೆಚ್ಚಳ, ಸೆರೆವಾಸದ ಹೆಚ್ಚಳ, ಕ್ರ್ಯಾಕ್ ಕೊಕೇನ್ ಹಾವಳಿಯ ಇಳಿಕೆ ಮತ್ತು 1973ರಲ್ಲಿ ಗರ್ಭಪಾತ ಕಾನೂನುಬದ್ಧವಾದದ್ದು. ನಾಲ್ಕನೆಯ ವಾದವನ್ನು ಅವರು ಜಾನ್ ಡೊನೊಹ್ಯೂ ಅವರೊಡನೆ 2001ರಲ್ಲಿಯೇ ಮಂಡಿಸಿದ್ದರು. 2005ರಲ್ಲಿ ಫುಟ್ ಮತ್ತು ಗೋಟ್ಸ್ ಎಂಬ ಅರ್ಥಶಾಸ್ತ್ರಜ್ಞರು ಆ ಗಣನೆಯ ಕಂಪ್ಯೂಟರ್ ಕ್ರಮವಿಧಿಯಲ್ಲಿಯೇ ದೋಷವನ್ನು ಪತ್ತೆಹಚ್ಚಿದರು. ವಾದ ಇಂದಿಗೂ ಮುಗಿದಿಲ್ಲ. ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತಿತ್ತು, ಅದನ್ನು ತೆಗೆದ ಮೇಲೆ ಬೆಳೆದ ಪೀಳಿಗೆ ಶಾಂತವಾಯಿತು ಎಂಬುದು ಮತ್ತೊಂದು ವಾದ. ಇವೆಲ್ಲಕ್ಕೂ ಸಮಾನ ದೌರ್ಬಲ್ಯವೊಂದಿದೆ. ಗರ್ಭಪಾತದ ತೀರ್ಪು, ಸೀಸರಹಿತ ಪೆಟ್ರೋಲು ಎರಡೂ ಚಿಕಾಗೊಗೂ ತಲುಪಿದ್ದವು.

ಬಂದೂಕು ನೆರೆಯ ಇಂಡಿಯಾನ ರಾಜ್ಯದಿಂದ ಚಿಕಾಗೊಗೆ ಬರುತ್ತದೆ ಎಂಬುದು ನಿಜ. ಆದರೆ ನ್ಯೂಯಾರ್ಕಿನಲ್ಲಿ ಸಿಗುವ ಅಕ್ರಮ ಬಂದೂಕುಗಳಲ್ಲಿಯೂ ಹೆಚ್ಚಿನವು ಹೊರರಾಜ್ಯದವೇ. ವ್ಯತ್ಯಾಸವನ್ನು ವಿವರಿಸಲು ಹೆಚ್ಚು ಸಮರ್ಥವಾಗಿ ತೋರುವುದು ಬಡಾವಣೆಗಳ ಇತಿಹಾಸ. ಚಿಕಾಗೊದ ದಕ್ಷಿಣ ಮತ್ತು ಪಶ್ಚಿಮ ಭಾಗಗಳಲ್ಲಿ ಕಾರ್ಖಾನೆಗಳು ಮುಚ್ಚಿದವು, ಜನರು ಊರು ಬಿಟ್ಟರು, ಮನೆಗಳು ಪಾಳುಬಿದ್ದವು. 1950ರಲ್ಲಿ 36 ಲಕ್ಷವಿದ್ದ ನಗರದ ಜನಸಂಖ್ಯೆ 2020ರಲ್ಲಿ 27 ಲಕ್ಷ. ನ್ಯೂಯಾರ್ಕ್ ಮಾತ್ರ ವಲಸಿಗರಿಂದ ತುಂಬಿ 88 ಲಕ್ಷಕ್ಕೇರಿತು. ಅಂಗಡಿಗಳು ತೆರೆದವು, ಬೀದಿಗಳಲ್ಲಿ ಜನಸಂಚಾರ ಹೆಚ್ಚಿತು. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಹೋದ್ಯೋಗಿಗಳು ಚಿಕಾಗೊದಲ್ಲೇ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆರೆಹೊರೆಯವರು ಪರಸ್ಪರ ನಂಬಿ, ಬೀದಿಯ ತಂಟೆಗಳಲ್ಲಿ ಮಧ್ಯೆ ಪ್ರವೇಶಿಸಲು ಸಿದ್ಧರಿರುವ ಬಡಾವಣೆಗಳಲ್ಲಿ, ಬಡತನ ಒಂದೇ ಮಟ್ಟದಲ್ಲಿದ್ದರೂ ಹಿಂಸೆ ಕಡಿಮೆ. ಇದೂ ಪೂರ್ಣ ಉತ್ತರವಲ್ಲ. 2020ರಲ್ಲಿ ದೇಶಾದ್ಯಂತ ಕೊಲೆಗಳು ಒಂದೇ ವರ್ಷದಲ್ಲಿ ಸುಮಾರು ಶೇ. 30ರಷ್ಟು ಏರಿದವು, 2024ರಲ್ಲಿ ಸುಮಾರು ಶೇ. 15ರಷ್ಟು ಇಳಿದವು. ಇಷ್ಟು ಬೇಗ ಯಾವ ಬಡಾವಣೆಯ ಇತಿಹಾಸವೂ ಬದಲಾಗುವುದಿಲ್ಲ.

ವ್ಯಾಪಾರಿಗೆ ಬೇಕಾದ ಅಂಕಿ ಯಾವುದು?

ನಗರವೊಂದರ ಸರಾಸರಿ ದರ ಆ ನಗರದ ಯಾವ ಬೀದಿಯ ದರವೂ ಅಲ್ಲ. ಚಿಕಾಗೊವನ್ನು 77 ಸಮುದಾಯ ಪ್ರದೇಶಗಳಾಗಿ ವಿಂಗಡಿಸಲಾಗಿದೆ. ಕೊಲೆಗಳು ಕೆಲವೇ ಪ್ರದೇಶಗಳಲ್ಲಿ ದಟ್ಟವಾಗಿವೆ. ಅಲ್ಲಿಯ ಮಾರಣಾಂತಿಕವಲ್ಲದ ಗುಂಡೇಟಿನ ಪ್ರಕರಣಗಳಲ್ಲಿ ಶೇ. 70ರಷ್ಟು, ನಗರದ ಶೇ. 6ಕ್ಕಿಂತಲೂ ಕಡಿಮೆ ಜನರಿರುವ ಸಹ-ಆರೋಪಿಗಳ ಜಾಲಗಳೊಳಗೇ ನಡೆದಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಯಂತ್ರೋಪಕರಣಗಳ ಮೇಳ ನಡೆಯುವ ಮೆಕಾರ್ಮಿಕ್ ಪ್ಲೇಸ್ ಸರೋವರದ ದಂಡೆಯಲ್ಲಿದೆ. ಹೋಟೆಲಿನಿಂದ ಮಳಿಗೆಗೆ ಓಡಾಡುವ ಪ್ರತಿನಿಧಿಗೆ ‘ಲಕ್ಷಕ್ಕೆ 21’ ಎಂಬುದು ಅನ್ವಯಿಸುವ ಅಂಕಿಯೇ ಅಲ್ಲ. ಆ ಪ್ರದೇಶಗಳಲ್ಲೇ ಅಂಗಡಿ ಇಟ್ಟು ಬದುಕುವವರಿಗಾದರೋ ಅದು ತೀರ ಕಡಿಮೆಯಾದ ಅಂಕಿ.

ಸರಕು ಕಳೆದುಕೊಳ್ಳುವ ಭಯವೇ ಮುಖ್ಯವಾದವರಿಗೆ ಕೊಲೆಯ ದರ ಮಾರ್ಗದರ್ಶಿಯಾಗದು. ಜಿಮ್ರಿಂಗ್ ಮತ್ತು ಹಾಕಿನ್ಸ್ 1997ರ ತಮ್ಮ ಗ್ರಂಥದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್‌ಗಳನ್ನು ಹೋಲಿಸಿದರು. ಕಳವು ಮತ್ತು ಮನೆಗಳ್ಳತನಗಳಲ್ಲಿ ಲಂಡನ್ ಹಿಂದೆ ಬಿದ್ದಿರಲಿಲ್ಲ, ಮುಂದೆಯೇ ಇತ್ತು. ಕೊಲೆಯ ದರದಲ್ಲಿ ಮಾತ್ರ ನ್ಯೂಯಾರ್ಕ್ ಹತ್ತು ಪಟ್ಟಿಗೂ ಹೆಚ್ಚು ಮೇಲಿತ್ತು. ಗೋದಾಮಿನ ವಿಮೆಗೆ ಲಂಡನ್ನಿನ ಕಡಿಮೆ ಕೊಲೆ ದರದಿಂದ ಯಾವ ಸಹಾಯವೂ ಆಗುತ್ತಿರಲಿಲ್ಲ.

ಚಿಕಾಗೊ ನಗರಾಡಳಿತ 2001ರಿಂದೀಚಿನ ಪ್ರತಿಯೊಂದು ದಾಖಲಾದ ಅಪರಾಧವನ್ನೂ ಸ್ಥಳ, ದಿನಾಂಕ, ಸ್ವರೂಪ ಸಹಿತ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಗೋದಾಮು ಹುಡುಕುವವರು ತಮಗೆ ಬೇಕಾದ ನಾಲ್ಕು ಬೀದಿಗಳ ಕಳವಿನ ಲೆಕ್ಕವನ್ನು ಅದರಿಂದಲೇ ತೆಗೆಯಬಹುದು. ನಮ್ಮ ನಗರಗಳ ಮಟ್ಟಿಗೆ ಬ್ಯೂರೋದ ವರದಿ ನಗರದ ಒಟ್ಟು ಮೊತ್ತದಲ್ಲಿಯೇ ನಿಲ್ಲುತ್ತದೆ. ಠಾಣಾವಾರು ವಿವರ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಪೊಲೀಸ್ ಆಯುಕ್ತರ ಅಥವಾ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಒಂದು ವರ್ಷದ ಬದಲು ಐದು ವರ್ಷಗಳ ಅಂಕಿಗಳನ್ನೂ, ಠಾಣೆಯ ಸರಹದ್ದಿನ ಜನಸಂಖ್ಯೆಯನ್ನೂ ಒಟ್ಟಿಗೆ ಕೇಳುವುದು ಒಳಿತು.